ಹನ್ನೊಂದು ಜ್ವರ

"ಜ್ವರ ಅಂತ ಬರೀರಿ ಮೇಡಂ, ನಿಮ್ಮ ದಮ್ಮಯ್ಯ!"

ಸೇನೆಯ ಲಾರಿ ಓಡಿಸುವ ಹುಡುಗಿ ಕಿಬ್ಬೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಮುದುಡಿ ಕೂತಿದ್ದಳು. ಡೇರೆ ಆಸ್ಪತ್ರೆಯ ಡಾಕ್ಟರಮ್ಮ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. ಎರಡು ತಿಂಗಳಲ್ಲಿ ಇವಳಿಗೆ ಇದು ಮೂರನೇ ಸಲ ಮೂತ್ರದ ಸೋಂಕು. ಈ ಸಲ ಚಳಿಜ್ವರ, ಬೆನ್ನುನೋವು ಬೇರೆ. ಸೋಂಕು ಮೂತ್ರಪಿಂಡದವರೆಗೂ ಏರಿತ್ತು.

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದೆ?"

"ಬಾಯಿ ಒದ್ದೆ ಮಾಡ್ಕೊಂಡೆ."

"ಏಳು ಗಂಟೆ ಗಾಡಿ ಓಡಿಸಿ ಬರೀ ಬಾಯಿ ಒದ್ದೆ ಮಾಡ್ಕೊಂಡ್ಯಾ? ಆ ರೇಡಿಯೇಟರಿಗೆ ಮಾತ್ರ ಮರೆಯದೆ ನೀರು ಹುಯ್ತೀಯಲ್ಲೇ!"

"ಕುಡಿದ್ರೆ ಎಲ್ಲಿಗೆ ಹೋಗ್ಲಿ ಮೇಡಂ? ಗಂಡಸರು ಚಕ್ರದ ಪಕ್ಕ ನಿಂತು ಮುಗಿಸ್ಕೋತಾರೆ. ಸುತ್ತ ಒಂದು ಗಿಡ ಇಲ್ಲ. ರಸ್ತೆ ಬಿಟ್ಟು ಇಳಿಯೋಣ ಅಂದ್ರೆ ನೆಲದಲ್ಲಿ ಯಾರು ಏನು ಹೂತಿಟ್ಟಿದಾರೋ."

ಡಾಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಅರ್ಧ ಸಿಟ್ಟು ಇವಳ ಮೇಲೆ, ಅರ್ಧ ತನ್ನ ಮೇಲೇ. ಲಾರಿ ಓಡಿಸುವ ಹನ್ನೊಂದು ಹೆಂಗಸರೂ ಒಬ್ಬೊಬ್ಬರಾಗಿ ಬಂದು ಹೀಗೇ ಗೋಗರೆದಿದ್ದರು. ಇದ್ದದ್ದು ಇದ್ದ ಹಾಗೆ ಬರೆದರೆ 'ಹೆಂಗಸರ ಕೈಲಿ ಇದೆಲ್ಲ ಆಗೋದಲ್ಲ' ಎಂದು ಗಾಡಿಯಿಂದ ಇಳಿಸಿ ಕಡತ ಜೋಡಿಸಲು ಕೂರಿಸುತ್ತಾರೆ. ಅಯ್ಯೋ ಪಾಪ ಎಂದು ಡಾಕ್ಟರಮ್ಮನೂ ಎಲ್ಲರಿಗೂ 'ಜ್ವರ' ಎಂದೇ ಬರೆದಿದ್ದಳು. ಜೊತೆಗೆ, ದಾರಿಯಲ್ಲಿ ಕಟ್ಟಿಕೊಳ್ಳಲು ಒಂದು ಮರೆ ಡೇರೆ ಕಳಿಸಿ ಎಂದು ಮೇಲಿನವರಿಗೆ ಮೂರು ಪತ್ರವನ್ನೂ ಹಾಕಿದ್ದಳು.

ಅಷ್ಟರಲ್ಲಿ ಉಗ್ರಾಣದ ಅಧಿಕಾರಿ ದೊಡ್ಡದೊಂದು ಗಂಟು ಎಳೆದುಕೊಂಡು ಒಳಗೆ ಬಂದ.

"ತಗೊಳ್ಳಿ ಡಾಕ್ಟ್ರೇ, ಮೇಲಿನಿಂದ ಬಂತು. ನಿಮ್ಮ ಹೆಣ್ಣುಮಕ್ಕಳ ಮೇಲೆ ಅವರಿಗೆ ಭಾರೀ ಕಾಳಜಿ!"

"ಮರೆ ಡೇರೆ ಕಳಿಸಿದ್ರಾ?"

"ಅದ್ಯಾಕೆ? ನಿಮ್ಮ ವರದೀಲಿ ಅಂಥ ಕಾಯಿಲೆ ಒಬ್ಬರಿಗೂ ಇಲ್ವಲ್ಲ. ಹನ್ನೊಂದು ಜನಕ್ಕೂ ಬರೀ ಜ್ವರ. ಅದಕ್ಕೇ ಸೊಳ್ಳೆಪರದೆ ಕಳಿಸಿದಾರೆ, ತಲೆಗೆ ಎರಡೆರಡು."

ಡಾಕ್ಟರಮ್ಮನಿಗೆ ಹಣೆ ಚಚ್ಚಿಕೊಳ್ಳುವ ಹಾಗಾಯಿತು. ಈ ಬೋಳು ಬಯಲಿನಲ್ಲಿ ಒಂದೇ ಒಂದು ಸೊಳ್ಳೆ ಹುಡುಕಿ ತೋರಿಸಿದವರಿಗೆ ಪದಕ ಕೊಡಬೇಕು! ಅಧಿಕಾರಿ ಸಹಿ ಹಾಕಿಸಿಕೊಂಡು ಹೊರಟುಹೋದ.

ಲಾರಿಯ ಹುಡುಗಿ ಒಂದು ಪರದೆ ಬಿಡಿಸಿ ಮುಖದ ಮುಂದೆ ಹಿಡಿದಳು. ಹೊರಗೆ ಲಾರಿಗಳ ಪಕ್ಕ ನಿಂತಿದ್ದ ಗಂಡಸರೆಲ್ಲ ಅಂಗಿಯ ಗುಂಡಿ ಸಮೇತ ನಿಚ್ಚಳವಾಗಿ ಕಾಣುತ್ತಿದ್ದರು. ಅವಳು ಪರದೆಯನ್ನು ಮುದ್ದೆ ಮಾಡಿ ನೆಲಕ್ಕೆ ಒಗೆದಳು.

"ಇದ್ದದ್ದೇ ಬರೀರಿ ಮೇಡಂ. ಉಳಿದ ಹತ್ತು ಜನಾನೂ ನಾನೇ ಎಳ್ಕೊಂಡು ಬರ್ತೀನಿ. ಇಳಿಸೋದಾದ್ರೆ ಎಲ್ಲರನ್ನೂ ಒಟ್ಟಿಗೇ ಇಳಿಸ್ಲಿ. ನಾಳೆ ಲಾರಿಗಳನ್ನ ಆ ಸೊಳ್ಳೆಗಳೇ ಓಡಿಸ್ಲಿ."