ಹನ್ನೆರಡನೇ ವಾರದ ಫಾರಂ

"ಫಾರಂ ನೀನೇ ಬರಿ, ಯಾಕಿಮಾ. ನಾನು ಸಹಿ ಗೀಚ್ತೀನಿ," ಎಂದು ಲೋರೇನ್ ಲ್ಯಾಪ್‌ಟಾಪನ್ನು ಪಕ್ಕಕ್ಕೆ ತಳ್ಳಿದಳು.

ಯೆಸೇನಿಯಾಳನ್ನು ಅವಳು ಊರಿನ ಹೆಸರಿನಿಂದಲೇ ಕರೆಯುತ್ತಿದ್ದಳು. ಯಾಕಿಮಾದ ಸೇಬಿನ ಶೆಡ್ಡಿನಿಂದ ಸಿಯಾಟಲ್‌ನ ಈ ಹೋಟೆಲ್ ಬುಕಿಂಗ್ ಕಂಪನಿಗೆ ಇಂಟರ್ನ್ ಆಗಿ ಬಂದ ಹುಡುಗಿಗೆ ಇದು ಹನ್ನೆರಡನೇ ವಾರ, ಕೊನೆಯದು. ಡಿಗ್ರಿ ಹಿಡಿದು ನೂರಾರು ಬಾಗಿಲು ತಟ್ಟಿದ್ದಳು, ತೆರೆದದ್ದು ಇದೊಂದೇ. ಮಾರ್ಗದರ್ಶಕಿ ಲೋರೇನ್ ಅವಳ ಕೆಲಸದ ಬಗ್ಗೆ ಬರೆದುಕೊಡಬೇಕಾದ ಫಾರಂ ಚೆನ್ನಾಗಿ ಬಂದರೆ ಕಾಯಂ ಕೆಲಸ. ಇಲ್ಲವೆಂದರೆ ಮತ್ತೆ ಶೆಡ್ಡು, ಅಮ್ಮನ ಮಗ್ಗುಲಲ್ಲಿ ನಿಂತು ಕೊಳೆತ ಸೇಬು ಆರಿಸುವುದು.

"ನಾನೇ ಬರೆದ್ರೆ ತಪ್ಪಲ್ವಾ?"

"ಇಲ್ಲಿ ಎಲ್ಲರೂ ಅವರವರದ್ದು ಅವರೇ ಬರ್ಕೊಳ್ಳೋದು. ನಾಚ್ಕೋಬೇಡ. ಈ ಊರಲ್ಲಿ ತನ್ನ ತಾನು ಹೊಗಳ್ಕೊಳ್ದೆ ಇರೋರನ್ನ ನಾಯೀನೂ ಮೂಸಲ್ಲ."

ರದ್ದಾದ ಬುಕಿಂಗಿನ ಹಣ ಗಿರಾಕಿಗೆ ವಾಪಸಾಗುವ ಹಳೇ ಪ್ರೋಗ್ರಾಮು ಹತ್ತೊಂಬತ್ತು ವರ್ಷದಿಂದ ಲೋರೇನಳ ಕೈಯಲ್ಲಿತ್ತು. ಅದು ಎಲ್ಲಿ ಮುಗ್ಗರಿಸುತ್ತದೆ, ಎಲ್ಲಿ ತಟ್ಟಿದರೆ ಏಳುತ್ತದೆ, ಎಲ್ಲೂ ಬರೆದಿಡದ ಗುಟ್ಟುಗಳನ್ನೆಲ್ಲ ಹುಡುಗಿಗೆ ಧಾರೆಯೆರೆದಿದ್ದಳು.

ಫಾರಮಿನ ಕೊನೆಯ ಪ್ರಶ್ನೆ: ಮಾರ್ಗದರ್ಶಕರಿಲ್ಲದೆ ಈಕೆ ಕೆಲಸ ನಿಭಾಯಿಸಬಲ್ಲಳೇ? ಯೆಸೇನಿಯಾ 'ಬಲ್ಲಳು' ಎಂದು ಬರೆದಳು. ಸಾಲದೆನ್ನಿಸಿತು. ಅಳಿಸಿ, ಲೋರೇನಳೇ ಹೇಳಿದಂತೆ ಬರೆದಳು: 'ಇಡೀ ವಿಭಾಗವನ್ನು ಒಬ್ಬಳೇ ನಿಭಾಯಿಸಬಲ್ಲಳು. ಅವಳಿಗೆ ನನ್ನ ಅಗತ್ಯವಿಲ್ಲ.'

"ಅಯ್ಯೋ, ನನ್ನನ್ನೇ ಮಣ್ಣು ಮಾಡಿಬಿಟ್ಯಲ್ಲೇ!" ಲೋರೇನ್ ಬಿದ್ದು ಬಿದ್ದು ನಕ್ಕಳು. ಸಹಿ ಹಾಕಿದಳು.

ಗುರುವಾರ ಮ್ಯಾನೇಜರ್ ಬ್ರಾಡಿ ಯೆಸೇನಿಯಾಳನ್ನು ಗಾಜಿನ ರೂಮಿಗೆ ಕರೆದ. "ಕೆಲಸ ನಿಮ್ಮದೇ. ಸಂತೋಷಾನಾ?"

ಯೆಸೇನಿಯಾ ಎದ್ದೇ ನಿಂತಳು. "ಒಂದ್ನಿಮಿಷ, ಲೋರೇನ್‌ಗೆ ಹೇಳಿ ಬರ್ತೀನಿ."

"ಅವರಿಗೆ ಪಕ್ಕದ ರೂಮಲ್ಲಿ ಬೇರೆ ವಿಷಯ ಹೇಳ್ತಿದಾರೆ." ಬ್ರಾಡಿ ದನಿ ತಗ್ಗಿಸಿದ. "ಆ ವಿಭಾಗಕ್ಕೆ ಇನ್ಮೇಲೆ ಒಂದೇ ಕುರ್ಚಿ. ಅವರೇ ಬರ್ದು ಕೊಟ್ಟಿದ್ರಿಂದ ನಮಗೆ ಸುಲಭ ಆಯ್ತು." ಸ್ಕ್ರೀನ್ ತಿರುಗಿಸಿ ತೋರಿಸಿದ. ಅವಳದೇ ವಾಕ್ಯ. ಕೆಳಗೆ ಲೋರೇನಳ ಸಹಿ.

ಶೆಡ್ಡಿನಲ್ಲಿ ಸೇಬು ಸಾಗುವ ಬೆಲ್ಟಿನ ಮುಂದೆ ನಿಲ್ಲುವ ಹೆಂಗಸರಿಗೆ ಇದು ಗೊತ್ತು. ಮೇಸ್ತ್ರಿ ಹೊಸ ಹುಡುಗಿಯನ್ನು ತಂದು ಪಕ್ಕದಲ್ಲಿ ನಿಲ್ಲಿಸಿದ ದಿನ ಕಲಿಸುವ ಕೈ ನಿಧಾನವಾಗಬೇಕು, ಇಲ್ಲದಿದ್ದರೆ ಕಲಿಸಿದವಳ ಜಾಗವೇ ಕಲಿತವಳಿಗೆ ಹೋಗುತ್ತದೆ. ಅಮ್ಮ ನೂರು ಸಲ ಹೇಳಿದ್ದಳು. ಲೋರೇನ್‌ಗೆ ಅದನ್ನು ಯಾರೂ ಹೇಳಿರಲಿಲ್ಲ. ಯೆಸೇನಿಯಾ ಹೇಳಬಹುದಿತ್ತು.

ಓಡಿ ಬಂದಾಗ ಲೋರೇನ್ ರಟ್ಟಿನ ಡಬ್ಬಕ್ಕೆ ಚಹಾದ ಮಗ್ಗು, ಕನ್ನಡಕ, ಒಂದು ಜೊತೆ ಹಳೇ ಚಪ್ಪಲಿ ತುಂಬುತ್ತಿದ್ದಳು. ಕಾವಲುಗಾರ ಪಕ್ಕದಲ್ಲೇ ನಿಂತಿದ್ದ, ಅವಳೇನೋ ಕದ್ದೊಯ್ಯುತ್ತಾಳೆ ಎಂಬಂತೆ.

"ಆ ಸಾಲು ನಾನು ಬರ್ದಿದ್ದು ಅಂತ ಹೇಳ್ತೀನಿ. ಈಗ್ಲೇ ಹೇಳ್ತೀನಿ."

"ಹೇಳು. ಸುಳ್ಳು ಫಾರಂ ಅಂತ ನಿಂದೂ ಹೋಗುತ್ತೆ, ನಂದು ವಾಪಸ್ ಬರಲ್ಲ." ಲೋರೇನ್ ಚಪ್ಪಲಿ ಒತ್ತಿ ತುರುಕಿದಳು. "ಒಂದೇ ಕುರ್ಚಿ ಅಂತ ಅವರು ಮೊದಲೇ ತೀರ್ಮಾನ ಮಾಡಿದ್ರು ಕಣೇ. ಇಲ್ದಿದ್ರೆ ಹನ್ನೆರಡು ವಾರ ನಿನ್ನ ನನ್ನ ಪಕ್ಕ ಯಾಕೆ ಕೂರಿಸ್ತಿದ್ರು? ಹೋಗು, ಸಹಿ ಹಾಕು."

ಬ್ರಾಡಿ ಕೊಟ್ಟ ನೇಮಕಾತಿ ಪತ್ರ ಯೆಸೇನಿಯಾಳ ಕೈಯಲ್ಲೇ ಮುದುಡಿತ್ತು. ಲೋರೇನ್ ಅದನ್ನು ಕಿತ್ತುಕೊಂಡು ಅಭ್ಯಾಸಬಲದಿಂದ ತಪ್ಪು ಹುಡುಕುವವಳ ಹಾಗೆ ಓದಿದಳು. ಎರಡನೇ ಪುಟದಲ್ಲಿ ಅವಳ ಬೆರಳು ನಿಂತಿತು: ಮುಂದಿನ ಬೇಸಿಗೆಯಲ್ಲಿ ಒಬ್ಬ ಇಂಟರ್ನ್‌ಗೆ ಮಾರ್ಗದರ್ಶನ.

ಪತ್ರವನ್ನು ನೀಟಾಗಿ ಮಡಿಸಿ ಹುಡುಗಿಯ ಕೈಗಿಟ್ಟು, ಡಬ್ಬ ಕಂಕುಳಿಗೆ ಏರಿಸಿದಳು.

"ಆ ಮಗು ಬಂದಾಗ ಎಲ್ಲಾ ಕಲಿಸು, ಯಾಕಿಮಾ. ಫಾರಂ ಮಾತ್ರ ನೀನೇ ಬರಿ."