ಮಾತು ಕಲಿಯುವ ಹಕ್ಕಿ

"ಇದು ಕಚ್ಚುತ್ತೆ," ಎಂದು ದರ್ಜಿ ಮೂರನೆಯ ಹಕ್ಕಿಯನ್ನೂ ಬೇಡವೆಂದ. ಅಂಗಡಿಯಾಕೆ ಮೊದಲು ತೋರಿಸಿದ ಪಾರಿವಾಳ ಗಲೀಜು ಮಾಡುತ್ತದಂತೆ. ಆಮೇಲಿನ ಜುಟ್ಟಿನ ಗಿಳಿ ಮುಖ ಗಂಟು ಹಾಕಿಕೊಂಡಿದೆಯಂತೆ. ಈ ಮೂರನೆಯದು ಅಕ್ಕಿಕಾಳಿನಷ್ಟು ಕೊಕ್ಕಿನ ಬಡಪಾಯಿ, ಅವನಿಗೆ ಬೆನ್ನು ಹಾಕಿ ಕೂತಿತ್ತು. ಕಚ್ಚುವ ಯೋಚನೆ ಅದರ ವಂಶದಲ್ಲೇ ಯಾರಿಗೂ ಬಂದಿರಲಿಕ್ಕಿಲ್ಲ.

"ಮದುವೆ ಮಾತು ಬಂದಾಗಲೂ ನೀನು ಹೀಗೇ ಮಾಡಿದ್ದು ಅಣ್ಣ," ಎಂದಳು ತಂಗಿ. "ಒಬ್ಬಳು ಉದ್ದ, ಒಬ್ಬಳು ಗಿಡ್ಡ, ಇನ್ನೊಬ್ಬಳ ನಗು ಸರಿಯಿಲ್ಲ. ಹಕ್ಕೀನಾದ್ರೂ ಒಪ್ಕೊ."

"ಹೂಂ," ಎಂದ ಅಣ್ಣ.

ಅವನ ಬಾಯಿಂದ ಹೆಚ್ಚಾಗಿ ಬರುವುದು ಅದೊಂದೇ. ಅಂಗಿಯ ತೋಳು ಗಿಡ್ಡವಾಯಿತೆಂದು ಗಿರಾಕಿ ಕೂಗಾಡಿದರೂ ಹೂಂ, ಹೋದ ವರ್ಷ ಅಮ್ಮ ತೀರಿಕೊಂಡಾಗ ಬಂದವರು ಸಮಾಧಾನ ಹೇಳಿದರೂ ಹೂಂ. ನಲವತ್ತು ದಾಟಿದ ಮೇಲೆ ತಂಗಿಗೆ ಮದುವೆ ಕೂಡಿಬಂದು, ಅವಳು ಎರಡು ಬೀದಿ ಆಚೆಗೆ ಹೋದಾಗಲೂ ಅಷ್ಟೇ. ಈಗ ಅವಳ ಗಂಡನಿಗೆ ದೂರದ ಊರಿಗೆ ವರ್ಗವಾಗಿದೆ, ಬರುವ ವಾರ ಸಾಮಾನು ಸಾಗಿಸಬೇಕು. ಎದೆ ಗಟ್ಟಿ ಮಾಡಿಕೊಂಡು ಹೇಳಿದರೆ, ಅಣ್ಣ ಹೂಂ ಎಂದು ತಲೆ ತಗ್ಗಿಸಿ ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತ ಕೂತ. ಅವನು ಅತ್ತಿದ್ದರೆ, ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಇವನ ಜೊತೆ ಮಾತಾಡಲು ಮನೆಯಲ್ಲಿ ಒಂದು ಜೀವವನ್ನಾದರೂ ಬಿಡದೆ ಊರು ಬಿಡುವುದಿಲ್ಲವೆಂದು ಹಟ ಹಿಡಿದು, ಇವತ್ತು ಈ ಹಕ್ಕಿಯಂಗಡಿಗೆ ಎಳೆದುಕೊಂಡು ಬಂದಿದ್ದಳು.

ಅಂಗಡಿಯಾಕೆ ನವಣೆಯ ಡಬ್ಬಿ ಮುಚ್ಚಿ ಕೈ ಒರೆಸಿಕೊಂಡಳು. "ಮೊದಲನೇ ಸಲ ಸಾಕ್ತಿದ್ದೀರಾ? ಮನೇಲಿ ಎಷ್ಟು ಜನ?"

"ಇಬ್ರು," ಎಂದುಬಿಟ್ಟಳು ತಂಗಿ. ಮರುಕ್ಷಣವೇ ನಾಲಗೆ ಕಚ್ಚಿಕೊಂಡಳು. "ಅಲ್ಲ, ಒಬ್ರೇ. ಇವರೊಬ್ರೇ. ಮನೇಲೇ ಹೊಲಿಗೆ ಕೆಲಸ."

"ಹಾಗಾದ್ರೆ ಪಂಜರದಿಂದ ಹೊರಗೆ ಬಿಡೋ ಮುಂಚೆ ನೆಲ ಚೆನ್ನಾಗಿ ಗುಡಿಸ್ಬೇಕು ಸರ್. ದಾರದ ಎಳೆ ಕಾಲಿಗೆ ಸುತ್ಕೊಂಡ್ರೆ ಕಾಲೇ ಹೋಗುತ್ತೆ. ಫ್ಯಾನ್ ಆರಿಸಿರ್ಬೇಕು. ಒಲೆ ಹತ್ರ ಇಡ್ಬಾರ್ದು, ಹೊಗೆ ತಡೆಯಲ್ಲ."

ದರ್ಜಿ ತಲೆಯಾಡಿಸಿದ. ತಂಗಿಯೇ ಮುಂದುವರಿಸಿದಳು. "ಅದೆಲ್ಲ ನೋಡ್ಕೋತಾನೆ, ನನಗಿಂತ ಅಚ್ಚುಕಟ್ಟು. ನಮಗೆ ಮಾತಾಡೋ ಹಕ್ಕಿ ಬೇಕು. ಭಾಷಣ ಏನೂ ಬೇಡ, ಮನುಷ್ಯರ ಹಾಗೆ ನಾಲ್ಕು ಮಾತು."

ಅಂಗಡಿಯಾಕೆ ಅವರನ್ನು ಕಿಟಕಿಯ ಪಕ್ಕದ ಪಂಜರದ ಹತ್ತಿರ ಕರೆದೊಯ್ದಳು. ಅಲ್ಲಿ ಗೇಣುದ್ದವೂ ಇಲ್ಲದ ಎರಡು ಹಸಿರು ಗಿಳಿಗಳು ಕಡ್ಡಿಯ ಮೇಲೆ ಒತ್ತಿಕೊಂಡು ಕೂತು, ಒಂದೇ ಸಮನೆ ಏನೋ ಹರಟುತ್ತಿದ್ದವು. ಅವಳು ಕೈ ಹಾಕಿ ಒಂದನ್ನು ಮೆಲ್ಲಗೆ ಹಿಡಿದು, ಪಕ್ಕದಲ್ಲಿದ್ದ ಸಣ್ಣ ಪಂಜರಕ್ಕೆ ಬಿಟ್ಟಳು. ಎರಡೂ ಕಡೆ ಸದ್ದು ನಿಂತುಹೋಯಿತು.

"ಇದಿನ್ನೂ ಮರಿ. ಒಂಟಿಯಾಗಿ ಸಾಕಿ, ದಿನಾ ಜೊತೇಲಿ ಕೂತು ಮಾತಾಡಿಸಿದ್ರೆ ಮಾತು ಹಿಡಿಯುತ್ತೆ. ಬೇರೆ ಹಕ್ಕಿ ಇಲ್ವಲ್ಲ ಪಾಪ, ನಿಮ್ಮನ್ನೇ ತನ್ನ ಜನ ಅಂದ್ಕೊಳ್ಳುತ್ತೆ. ಜೋಡಿ ಸಾಕಿದ್ರೆ ಮಾತ್ರ ಮಾತಿನ ಆಸೆ ಬಿಟ್ಟುಬಿಡಿ. ದಿನವೆಲ್ಲ ಅವೆರಡೇ ಗುಸುಗುಸು ಪಿಸಪಿಸ. ನಿಮ್ಮ ಕಡೆ ತಿರುಗಿಯೂ ನೋಡಲ್ಲ."

"ಒಂದೇ ಕೊಡಿ," ಎಂದಳು ತಂಗಿ. ಅಣ್ಣನ ಒಪ್ಪಿಗೆಗೆ ಕಾಯದೆ ಸಣ್ಣ ಪಂಜರದ ಮುಂದೆ ಬಗ್ಗಿದಳು. ಶುಭಸ್ಯ ಶೀಘ್ರಂ ಎಂಬಂತೆ ಅಂಗಡಿಯಲ್ಲೇ ಪಾಠ ಶುರುವಾಯಿತು. "ಹೇಳು ನೋಡೋಣ. ಅಣ್ಣ, ಊಟ ಆಯ್ತಾ? ಅಣ್ಣ, ಊಟ ಆಯ್ತಾ?"

ಗಿಳಿ ಅವಳನ್ನು ನೋಡಿ ಕಡ್ಡಿಯ ಆ ತುದಿಗೆ ಸರಿಯಿತು. ನಾಲ್ಕನೆಯ ಸಲ ಹೇಳುವಾಗ ಅವಳ ದನಿ ಸ್ವಲ್ಪ ಒಡೆಯಿತು. ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು, "ಮಂಕು ಮುಂಡೇದು, ಕಲಿಯುತ್ತೆ ಬಿಡು," ಎಂದಳು.

"ಎರಡೂ ಕೊಡಿ," ಎಂದ ದರ್ಜಿ.

ತಂಗಿ ಬಗ್ಗಿದವಳು ಎದ್ದಳು. ಇಷ್ಟು ಹೊತ್ತಿನಲ್ಲಿ ಅವನು ಬೇಕೆಂದು ಕೇಳಿದ್ದು ಇದೇ ಮೊದಲು.

"ಎರಡಾದ್ರೆ ನಿನ್ನ ಹತ್ರ ಮಾತಾಡಲ್ಲ ಅಣ್ಣ. ಈಗ ಹೇಳಿದ್ರಲ್ಲ, ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

"ಮತ್ತೆ? ನಾನು ಹೋದ್ಮೇಲೆ ನಿನ್ನನ್ನ ಮಾತಾಡ್ಸೋರು ಯಾರು? ಗೋಡೆನಾ?" ಅವಳಿಗೆ ಸಿಟ್ಟೇ ಬಂತು. ಬೆಳಗ್ಗೆಯಿಂದ ಈ ಮನುಷ್ಯನ ಹಿಂದೆ ಅಲೆದದ್ದು ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಅಂಗಡಿಯಾಕೆ ಏನೂ ಕೇಳಿಸದವಳಂತೆ ಪಂಜರದ ನೀರಿನ ಬಟ್ಟಲು ತೊಳೆಯಲು ಹೋದಳು.

ದರ್ಜಿ ಸಣ್ಣ ಪಂಜರವನ್ನು ಎತ್ತಿ ದೊಡ್ಡ ಪಂಜರಕ್ಕೆ ತಾಗಿಸಿ ಇಟ್ಟ. ಎರಡು ಗಿಳಿಗಳೂ ಸರಳಿನ ಹತ್ತಿರ ಓಡಿಬಂದು, ನಿಲ್ಲಿಸಿದ್ದ ಹರಟೆಯನ್ನು ಮತ್ತೆ ಹಿಡಿದುಕೊಂಡವು. ಅವನು ಸ್ವಲ್ಪ ಹೊತ್ತು ಕೇಳುತ್ತ ನಿಂತ.

"ನೀನೂ ಅಮ್ಮನೂ ನನ್ನ ಹತ್ರ ಎಲ್ಲಿ ಮಾತಾಡ್ತಿದ್ರಿ? ನಿಮ್ಮಿಬ್ರದು ಒಳಗೆ ಇಡೀ ದಿನ ವಟವಟ. ನಾನು ಈಚೆ ಹೊಲೀತಿದ್ದೆ. ನನಗೆ ಅಷ್ಟೇ ಸಾಕಾಗ್ತಿತ್ತು." ಜನ್ಮದಲ್ಲಿ ಇಷ್ಟುದ್ದ ಮಾತಾಡಿ ಗೊತ್ತಿಲ್ಲದವನು ಒಮ್ಮೆ ಉಸಿರು ತೆಗೆದುಕೊಂಡ. "ಈಗ ಮಷಿನ್ ನಿಲ್ಲಿಸೋಕೇ ಹೆದರಿಕೆ ಆಗುತ್ತೆ ಕಣೆ."