ಪೆಟಿಗ್ರೂ ಪಕ್ಷದವನು

“ಇವರು ಯಾರು ಹೇಳಿ ನೋಡೋಣ, ಆರ್ವಿಲ್?” ಡಾಕ್ಟರಮ್ಮ ವರ್ನಾಳ ಭುಜ ಮುಟ್ಟಿ ಕೇಳಿದಳು. ಆರ್ವಿಲ್ ಹೆಂಡತಿಯನ್ನು ನೋಡಿದ, ಕಿಟಕಿಯ ಪರದೆಯನ್ನು ನೋಡಿದ, ಎರಡನ್ನೂ ಒಂದೇ ಥರ ನೋಡಿದ. ಹೃದಯದ ಆಪರೇಷನ್ ಏನೋ ಸಲೀಸಾಗಿ ಮುಗಿದಿತ್ತು. ಮೊನ್ನೆಯೇ ಕಣ್ಣು ಬಿಟ್ಟಿದ್ದ, ಬಾಯಿ ಮಾತ್ರ ಬಿಟ್ಟಿರಲಿಲ್ಲ.

“ವಯಸ್ಸಾದವರಿಗೆ ಮತ್ತಿನ ಔಷಧಿ ಒಮ್ಮೊಮ್ಮೆ ಹೀಗೆ ಮಾಡತ್ತೆ. ಹೆದರ್ಕೋಬೇಡಿ,” ಎಂದಳು ಡಾಕ್ಟರಮ್ಮ. “ಗುರುತಿನ ದನಿ ಕಿವಿಗೆ ಬೀಳ್ತಾ ಇರ್ಲಿ. ಅವರಿಗೆ ಇಷ್ಟವಾದದ್ದನ್ನ ಮಾತಾಡಿ.”

ಹೆದರಬೇಡ ಅಂದರೆ ಹೆದರದೆ ಇರುವುದಕ್ಕಾಗುತ್ತದೆಯೇ? ಮೊಮ್ಮಕ್ಕಳ ಸುದ್ದಿ, ಚರ್ಚಿನ ಸುದ್ದಿ, ನಾಯಿಯ ಸುದ್ದಿ ಎಲ್ಲ ಹೇಳಿ ವರ್ನಾಳ ಗಂಟಲು ಒಣಗಿತ್ತು. ಇವನು ಹೀಗೇ ಉಳಿದುಬಿಟ್ಟರೆ? ಇನ್ನು ಬಾಕಿ ಇದ್ದದ್ದು ಒಂದೇ ವಿಷಯ. ಅದನ್ನು ತನ್ನ ಅಡುಗೆಮನೆಯಲ್ಲಿ ಎತ್ತಕೂಡದೆಂದು ಅವಳೇ ಕಟ್ಟಪ್ಪಣೆ ಮಾಡಿದ್ದಳು. ಊರ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಒಂದು ಕಾಲಕ್ಕೆ ಆಡಿದ ಲೀರಾಯ್ ಪೆಟಿಗ್ರೂ ದೊಡ್ಡವನೋ, ಈಗಿನ ಹುಡುಗರು ದೊಡ್ಡವರೋ? ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಇಂಡಿಯಾನಾ ರಾಜ್ಯದಲ್ಲಿ ಇಂಥ ಜಗಳವಿಲ್ಲದ ಮನೆ ಇಲ್ಲ, ನಿಜ. ಆದರೆ ಆರ್ವಿಲ್ ಮತ್ತು ಅವನ ಗೆಳೆಯ ಡ್ಯೂಯಿ ಕಿನ್ಸರ್ ಇಬ್ಬರೂ ಪ್ರಾಯದಿಂದ ಇದನ್ನೇ ಜಗಿಯುತ್ತಾ ಬಂದವರು. ಡ್ಯೂಯಿ ಎತ್ತಿ ಹಿಡಿಯುವ ಹುಡುಗ, ಕಾಲೇಜಿನ ಓದು ಮುಗಿದ ಹಾಗೆ, ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿದ್ದ, ಆರ್ವಿಲ್‌ನ ಪೆಟಿಗ್ರೂ ಮಾತ್ರ ಜಪ್ಪಯ್ಯ ಅಂದರೂ ಅಲುಗಿರಲಿಲ್ಲ. ಕಳೆದ ಚಳಿಗಾಲದಲ್ಲಿ ಈ ಜಗಳದ ಆವೇಶಕ್ಕೆ ಪರ್ಸಿಮನ್ ಹಣ್ಣಿನ ಪುಡಿಂಗ್ ತುಂಬಿದ ಬೋಗುಣಿ ನೆಲಕ್ಕೆ ಬಿದ್ದು ಚೂರಾದ ಮೇಲೆ ವರ್ನಾ ಇಬ್ಬರ ಬಾಯಿಗೂ ಬೀಗ ಹಾಕಿದ್ದಳು.

ಈಗ ಅವಳೇ ಫೋನ್ ಎತ್ತಿದಳು. “ಡ್ಯೂಯಿ, ಬೇಗ ಬಾ. ಬಂದು ಜಗಳ ಆಡು.”

ಡ್ಯೂಯಿ ತಂಡದ ಹಸಿರು ಟೋಪಿ ಹಾಕಿಕೊಂಡೇ ಬಂದ. ಬಾಗಿಲಲ್ಲಿ ನಿಂತು ಗೆಳೆಯನನ್ನು ನೋಡಿದವನೇ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ಹಾಸಿಗೆಯ ಪಕ್ಕ ಕೂತು, “ಈ ಸಲದ ನಮ್ಮ ಹುಡುಗ ಬ್ರೇಶರ್ ಶನಿವಾರದ ಆಟದಲ್ಲಿ ದೂರದಿಂದ ಎಸೆದದ್ದೆಲ್ಲ ಬುಟ್ಟಿಗೆ ಬಿತ್ತು ಕಣೋ. ನಿನ್ನ ಪೆಟಿಗ್ರೂಗೆ ಅಷ್ಟು ದೂರದಿಂದ ಬುಟ್ಟಿನಾದ್ರೂ ಕಾಣ್ತಿತ್ತಾ?” ಅಂದ. ಆರ್ವಿಲ್ ಪರದೆಯನ್ನೇ ನೋಡುತ್ತಿದ್ದ.

“ಇಷ್ಟೇನಾ?” ವರ್ನಾ ರೇಗಿದಳು. “ನಮ್ಮನೇಲಿ ಸೂರು ಹಾರಿಹೋಗೋ ಹಾಗೆ ಕಿರುಚ್ತಿದ್ದೆಯಲ್ಲ!”

“ಮಲಗಿರೋನ ಮುಂದೆ ಹ್ಯಾಗಮ್ಮಾ ಕಿರುಚ್ಲಿ?” ಡ್ಯೂಯಿಯ ದನಿ ಒಡೆಯಿತು. ಬೈಯುವುದಕ್ಕೆ ಮನಸ್ಸು ಬರದೆ ಅವನು ಹೊಗಳುವುದಕ್ಕೆ ಶುರುಮಾಡಿದ. “ಹೋಗ್ಲಿ ಬಿಡೋ ಆರ್ವಿಲ್. ಅರವತ್ತೊಂಬತ್ತರ ಫೈನಲ್‌ನಲ್ಲಿ ಪೆಟಿಗ್ರೂ ಕೊನೇ ಗಳಿಗೇಲಿ ಡಂಕ್ ಹೊಡೆದ್ನಲ್ಲ, ಮೇಲಕ್ಕೆ ನೆಗೆದು ಎರಡೂ ಕೈಲಿ ಚೆಂಡನ್ನ ಬುಟ್ಟಿಗೇ ಜಡಿದ್ನಲ್ಲ! ಆಹಾ, ಅಂಥದ್ದನ್ನ ನಾನು ಇನ್ನೊಂದು ನೋಡ್ಲಿಲ್ಲ.”

ಆರ್ವಿಲ್‌ನ ಹುಬ್ಬು ಗಂಟಾಯಿತು. ತುಟಿ ಅಲುಗಿತು. “ಇಲ್ಲ,” ಅಂದ.

“ಏನಂದೆ?”

“ಜಡೀಲಿಲ್ಲ ಕಣೋ ಕತ್ತೆ. ಆಗ ಕಾಲೇಜು ಆಟದಲ್ಲಿ ಡಂಕ್ ಹೊಡೆಯೋ ಹಾಗೇ ಇರ್ಲಿಲ್ಲ. ನಿಯಮಾನೇ ಇತ್ತು.” ದನಿ ಕರಕರ ಅನ್ನುತ್ತಿತ್ತು, ಸಿಟ್ಟು ಮಾತ್ರ ಹಳೆಯದೇ. “ಗೋಡೆ ಹಾಗೆ ನಿಂತಿದ್ದ ಇಬ್ಬರ ಮಧ್ಯೆ ನುಸುಳಿ, ಬುಟ್ಟಿ ಹಿಂದಿನ ಹಲಗೆಗೆ ತಾಗಿಸಿ ಮೆಲ್ಲಗೆ ಜಾರಿಸಿದ. ಪಕ್ಕದಲ್ಲೇ ಕೂತಿದ್ದೆಯಲ್ಲ, ಏನು ನೋಡ್ತಿದ್ದೆ?”

ವರ್ನಾ ಕೂಗಿದ ಕೂಗಿಗೆ ಡಾಕ್ಟರಮ್ಮ ಓಡಿ ಬಂದಳು. “ಆರ್ವಿಲ್, ಇದು ಯಾವ ವರ್ಷ?”

“ಇವನ ಬ್ರೇಶರು, ಯಾರೂ ಅಡ್ಡ ಬರದೆ ಸುಮ್ಮನೆ ನಿಂತು ಹಾಕೋ ಚೆಂಡನ್ನೂ ತಪ್ಪಿಸಿ ನಮ್ಮ ಮಾನ ತೆಗೆದ ವರ್ಷ.”

ಡಾಕ್ಟರಮ್ಮ ತಬ್ಬಿಬ್ಬಾಗಿ ವರ್ನಾಳ ಮುಖ ನೋಡಿದಳು. “ಸರಿಯಾಗೇ ಹೇಳಿದಾನೆ, ಅದು ಆದದ್ದು ಹೋದ ತಿಂಗಳೇ!” ಅಂತ ವರ್ನಾ ನಗುತ್ತಲೇ ಅತ್ತಳು.

“ಹಾಗಾದ್ರೆ ಇವರು ಯಾರು?”

“ನನ್ನ ಹೆಂಡ್ತಿ. ಪೆಟಿಗ್ರೂ ಹೆಸರೆತ್ತಿದ್ರೆ ಮನೆಯಿಂದ ಆಚೆ ಹಾಕ್ತೀನಿ ಅಂದೋಳು. ಇವತ್ತು ಯಾಕೆ ಸುಮ್ಮನಿದಾಳೆ ಅಂತ ನೀವೇ ಕೇಳಿ.”

ವರ್ನಾ ಕುರ್ಚಿಯಲ್ಲಿ ಧೊಪ್ಪನೆ ಕೂತಳು. ದೇವರೇ, ಬಂದ, ಪೂರ್ತಿ ಬಂದ, ಕೊಂಕು ಸಮೇತ ಬಂದ. ಡ್ಯೂಯಿಗಂತೂ ತಡೆಯುವುದಕ್ಕಾಗಲಿಲ್ಲ. ಗೆಳೆಯನ ಕೈ ಎರಡೂ ಕೈಯಲ್ಲಿ ಹಿಡಿದು, “ನೀನೇ ಗೆದ್ದೆ ಕಣೋ. ಪೆಟಿಗ್ರೂನೇ ದೊಡ್ಡೋನು. ಅವನ ಮುಂದೆ ಇವರೆಲ್ಲ ಎಳಸು. ಒಪ್ಕೊಂಡೆ,” ಅಂದುಬಿಟ್ಟ.

ಆರ್ವಿಲ್ ಡ್ಯೂಯಿಯ ಒದ್ದೆ ಕಣ್ಣು ನೋಡಿದ, ವರ್ನಾಳ ಒದ್ದೆ ಕಣ್ಣು ನೋಡಿದ. ಮುಖ ಬಿಳಿಚಿಕೊಂಡಿತು. ಕೈ ಬಿಡಿಸಿಕೊಂಡು ಪಿಸುಗುಟ್ಟಿದ: “ವರ್ನಾ, ನಿಜ ಹೇಳು. ನನಗೆ ಇನ್ನೆಷ್ಟು ದಿನ ಅಂದಿದಾರೆ?”

ವರ್ನಾ ಡ್ಯೂಯಿಯ ಪಕ್ಕೆಗೆ ತಿವಿದಳು. “ವಾಪಸ್ ತಗೋ! ಆ ಮಾತು ಈಗ್ಲೇ ವಾಪಸ್ ತಗೋ!”

ಡ್ಯೂಯಿ ಮೂಗು ಒರೆಸಿಕೊಂಡು, ಟೋಪಿ ತಲೆಗೇರಿಸಿ, ವಾರ್ಡೆಲ್ಲ ತಿರುಗಿ ನೋಡುವ ಹಾಗೆ ಕಿರುಚಿದ. “ಲೋ, ನಿನ್ನ ಪೆಟಿಗ್ರೂ ಈಗಿನ ತಂಡದಲ್ಲಿ ಇದ್ದಿದ್ರೆ, ಹುಡುಗ್ರಿಗೆ ನೀರು, ಟವಲ್ಲು ಕೊಟ್ಕೊಂಡು ಬೆಂಚ್ ಹಿಂದೆ ನಿಂತಿರ್ತಿದ್ದ ಕಣೋ!”

ಆರ್ವಿಲ್ ದೊಡ್ಡದಾಗಿ ಉಸಿರು ಬಿಟ್ಟು ತಲೆಯನ್ನು ದಿಂಬಿಗೆ ಒರಗಿಸಿದ.

“ಅಬ್ಬಾ,” ಅಂದ. “ಹಾಗಾದ್ರೆ ಬದುಕ್ತೀನಿ.”